ಬೆಂಕಿ ನವಿಲಿನ ಕಂದಾಯ

ಬಹಳ ಬಹಳ ಹಿಂದೆ, ನಮ್ಮ ಅಜ್ಜಿಯರ ಅಜ್ಜಿಯರೂ ತೊಟ್ಟಿಲಲ್ಲಿದ್ದ ಕಾಲದಲ್ಲಿ, ಹೊಂಗಿರಿ ಎಂಬ ರಾಜ್ಯವಿತ್ತು. ಆ ನಾಡಿಗೆ ಚಳಿ ನೆಂಟನಂತೆ ಬಂದು ಮನೆಯವನಂತೆ ಉಳಿದುಬಿಡುತ್ತಿತ್ತು. ಹೊಸದಾಗಿ ಬೆಂಕಿ ಹುಟ್ಟಿಸುವ ವಿದ್ಯೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿರಿಯರಿಂದ ಬಂದ ಕೆಂಡವನ್ನೇ ಬೂದಿಯಲ್ಲಿ ಮುಚ್ಚಿಟ್ಟು ಕಾಪಾಡಿಕೊಳ್ಳುತ್ತಿದ್ದರು. ಯಾರದಾದರೂ ಒಲೆ ಆರಿದರೆ ಅವರು ಬೆರಣಿ ಚೂರು ಹಿಡಿದು ನೆರೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಬೆರಣಿ ಹಿಡಿದು ಬಂದವರಿಗೆ ಇಲ್ಲ ಎನ್ನಬಾರದು, ಕೊಟ್ಟದ್ದಕ್ಕೆ ಏನನ್ನೂ ಕೇಳಬಾರದು. ಇದು ಹೊಂಗಿರಿಯ ಕಟ್ಟಳೆ.

ಅಲ್ಲಿನ ಅರಸ ಮಣಿಕುಂಡಲ ಕೆಟ್ಟವನೇನಲ್ಲ. ಆದರೆ ಯಾರಾದರೂ ಹೊಗಳಿದರೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಮ್ಮೆ ಎಲ್ಲಿಂದಲೋ ಧೂಮಾಂಗನೆಂಬ ಮಾಂತ್ರಿಕ ಬಂದ. ಏಳು ರಾಜ್ಯಗಳಿಗೂ ಕಾಣುವಂಥ ಬೆಂಕಿ ನವಿಲನ್ನು ಅರಮನೆಯ ಮೇಲೆ ಕೂರಿಸುತ್ತೇನೆ ಎಂದು ಆಸೆ ಹುಟ್ಟಿಸಿದ. ಅರಸ ಅವನನ್ನೇ ಮಂತ್ರಿ ಮಾಡಿಕೊಂಡ. ಅಂದಿನಿಂದ ಕೆಂಡದ ಕಂದಾಯ ಶುರುವಾಯಿತು. ಮೊದಲು ನವಿಲಿನ ಬಾಲಕ್ಕೆ ಕೊಡಿ ಎಂದರು, ಆಮೇಲೆ ರೆಕ್ಕೆಗೆ ಎಂದರು, ಆಮೇಲೆ ಜುಟ್ಟಿಗೆ ಎಂದರು. ಒಂದೊಂದು ಮನೆಯ ಕೆಂಡ ಒಂದೊಂದು ಗರಿಯಾಯಿತು. ನವಿಲು ಚಂದವಿತ್ತು, ಸುಳ್ಳು ಯಾಕೆ ಹೇಳಲಿ. ಪರರಾಜ್ಯದವರು ಬಂದು ಕತ್ತೆತ್ತಿ ನೋಡಿ, ಆಹಾ ಎಂದು, ನಡುಗುತ್ತಾ ವಾಪಸ್ಸಾಗುತ್ತಿದ್ದರು. ಅದರ ಬೆಳಕಿನಡಿ ಊರಿನವರು ನೆನೆಸಿದ ಅಕ್ಕಿ ಅಗಿಯುತ್ತಿದ್ದರು.

ಆ ಊರಿನಲ್ಲಿ ಹೊನ್ನಯ್ಯನೆಂಬ ಬಳೆಗಾರನಿದ್ದ. ಬಳೆ ಮಾರುವಾಗಲೂ ದನಿ ಏರಿಸದಷ್ಟು ಪುಕ್ಕಲ. ಅವನ ಹೆಂಡತಿ ನೀಲವ್ವ ಆಗತಾನೇ ಹೆಣ್ಣುಮಗು ಹೆತ್ತಿದ್ದಳು. ಬಾಣಂತಿಗೆ ಬಿಸಿನೀರಿಲ್ಲ, ಕೂಸಿನ ಪಾದ ಹೊಳೆಯ ಕಲ್ಲಿನಂತೆ ತಣ್ಣಗಿದೆ. ಬೆರಣಿ ಹಿಡಿದು ಹೋಗೋಣವೆಂದರೆ ಯಾರ ಮನೆಯಲ್ಲಿ ಒಲೆ ಉರಿಯುತ್ತಿದೆ? ಹೊನ್ನಯ್ಯ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಂಡ.

ಆಗ ನೆರೆಮನೆಯ ನಾಗಜ್ಜಿ ಗೋಡೆ ತಡವಿಕೊಂಡು ಬಂದಳು. ಅವಳಿಗೆ ಕಣ್ಣು ಮಂಜು. ಸೆರಗಿನ ಮರೆಯಲ್ಲಿ ಮಡಕೆ ಚೂರು, ಅದರೊಳಗೆ ಬೂದಿ, ಬೂದಿಯೊಳಗೆ ಕಂದಾಯದವರಿಗೆ ಸಿಗದಂತೆ ಉಳಿಸಿದ್ದ ಒಂದೇ ಒಂದು ಕೆಂಡ.

"ತಗೋ ಮಗ. ನಾನು ಕಂಬಳಿ ಹೊದ್ದು ಕೂತ್ರೆ ಆಯ್ತು. ಕೂಸಿಗೆ ನೀರು ಕಾಯ್ಸು," ಎಂದಳು.

ಹೊನ್ನಯ್ಯ ಅವಳ ಕಾಲಿಗೆ ಹಣೆ ಹಚ್ಚಿ ಒಲೆ ಹೊತ್ತಿಸಿದ. ನೀರು ಬೆಚ್ಚಗಾಗುವ ಮೊದಲೇ ಹೊಗೆಯ ಜಾಡು ಹಿಡಿದು ಕಂದಾಯದವರು ಬಂದರು. ಹಂಡೆಯಡಿಯಿಂದ ಕೆಂಡ ಬಾಚಿಕೊಂಡು ಹೋದರು.

ಪುಕ್ಕಲನಾದರೂ ಹೊನ್ನಯ್ಯ ತಂದೆಯೂ ಆಗಿದ್ದನಲ್ಲ. ಬೆರಣಿ ಚೂರೊಂದನ್ನು ಕೈಗೆತ್ತಿಕೊಂಡು ಅರಮನೆಯ ಕಡೆ ಹೊರಟ. ಎಲ್ಲಿಗೆ ಎಂದು ಕೇಳಿದವರಿಗೆ, ಅರಸನ ಮನೆಗೆ ಬೆಂಕಿ ಕೇಳಲು ಎಂದ. ನಾಗಜ್ಜಿಯೂ ಒಂದು ಬೆರಣಿ ಹಿಡಿದು ಹಿಂದೆ ಬಂದಳು. ಕೇರಿ ಕೇರಿಯ ಜನ ಬೆರಣಿ ಹಿಡಿದು ಸೇರಿಕೊಂಡರು. ದೊಣ್ಣೆಯಿಲ್ಲ, ಕೂಗಾಟವಿಲ್ಲ. ಹಿಂತಿರುಗಿ ನೋಡಿದ ಹೊನ್ನಯ್ಯ, ತನ್ನಂಥವನ ಕೂಸಿಗಾಗಿ ಇಷ್ಟು ಜನ ಬಂದರಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದ.

ಕೋಟೆಯ ಮೊದಲ ಬಾಗಿಲಲ್ಲಿ ಧೂಮಾಂಗನ ಕಲ್ಲಾನೆ ನಿಂತಿತ್ತು. ಕಂದಾಯ ಕೊಡದವರು ಕಾಲಿಟ್ಟರೆ ತುಳಿಯುತ್ತೇನೆ ಎಂದು ಘೀಳಿಟ್ಟಿತು. ಹೊನ್ನಯ್ಯ ಹೆದರಿ ತಲೆ ತಗ್ಗಿಸಿದಾಗ ಆನೆಯ ಕಾಲ ಮೇಲೆ ಹಿಮ ಕಟ್ಟಿದ್ದು ಕಂಡಿತು. ನಿನಗೂ ಚಳಿಯೇ ಎಂದು ಕೇಳಿದ. ಇಲ್ಲಿ ನಿಲ್ಲಿಸಿದಾಗಿನಿಂದ ಇದನ್ನು ಯಾರೂ ಕೇಳಿರಲಿಲ್ಲ ಎಂದಿತು ಆನೆ. ಹೊನ್ನಯ್ಯ ತನ್ನ ಕಂಬಳಿ ತೆಗೆದು ಅದರ ಕಾಲಿಗೆ ಸುತ್ತಿದ. ಹಿಂದಿದ್ದವರು ಉಳಿದ ಕಾಲುಗಳಿಗೆ ಸುತ್ತಿದರು. ಆನೆ ನಿಟ್ಟುಸಿರು ಬಿಟ್ಟು ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಲ್ಲಿ ಮಂಜಿನ ಹಾವು ಮಲಗಿತ್ತು. ಅದು ಉಸಿರು ಬಿಟ್ಟರೆ ಬಂದವರಿಗೆ ಬಂದ ಕೆಲಸವೇ ಮರೆತುಹೋಗುತ್ತಿತ್ತು. ಹಾವು ಉಸಿರು ಬಿಟ್ಟಿತು. ನಾವಿಲ್ಲಿ ಯಾಕೆ ನಿಂತಿದ್ದೇವೆ ಎಂದು ಜನ ಮಿಕಿಮಿಕಿ ನೋಡಿದರು. ಹೊನ್ನಯ್ಯನೂ ಮನೆಯ ಕಡೆ ತಿರುಗಿದ. ಆಗ ನಾಗಜ್ಜಿಯ ಕೈ ಅವನ ಕೈಯಲ್ಲಿದ್ದ ಬೆರಣಿಗೆ ತಾಗಿತು. ಬೆರಣಿ ಹಿಡಿದವರನ್ನು ಹೊಂಗಿರಿಯವರು ಮೊದಲು ಕೇಳುವುದು ಒಂದೇ ಮಾತು. ರೂಢಿಯ ಬಲದಿಂದ ಅವಳು ಅದನ್ನೇ ಕೇಳಿದಳು: "ಯಾರ ಮನೆ ಒಲೆ ಆರೈತೆ?" ನಮ್ಮದು ಎಂದ ಹೊನ್ನಯ್ಯ. ನಮ್ಮದೂ, ನಮ್ಮದೂ ಎಂದರು ಎಲ್ಲರೂ. ನೆನಪು ಮರಳಿತು, ಹಾವು ಕರಗಿ ನೀರಾಗಿ ಹರಿಯಿತು.

ಮೂರನೆಯ ಬಾಗಿಲಲ್ಲಿ ಧೂಮಾಂಗನೇ ನಿಂತಿದ್ದ. ಜನರನ್ನು ಬೈಯಲಿಲ್ಲ, ಹೆದರಿಸಲಿಲ್ಲ. ಮಂತ್ರ ಹೇಳಿ ಅರಮನೆಯ ಮೇಲಿನ ನವಿಲಿನಿಂದ ಒಂದು ಕೆಂಡ ಇಳಿಸಿ ಹೊನ್ನಯ್ಯನ ಬೆರಣಿಯ ಮೇಲಿಟ್ಟು ನಕ್ಕ.

"ನಿನ್ನ ಮನೆಗೆ ಇನ್ನು ಕಂದಾಯ ಇಲ್ಲ. ಇದು ನಿನ್ನದೇ. ಹೋಗಿ ಮಗಳಿಗೆ ನೀರು ಕಾಯಿಸು," ಎಂದ.

ಹೊನ್ನಯ್ಯನ ಅಂಗೈ ಬೆಚ್ಚಗಾಯಿತು. ಕಣ್ಣ ಮುಂದೆ ಕೂಸಿನ ಪಾದ ಬಂತು. ಓಡಿಬಿಡಬೇಕು ಎಂದು ನಿಜವಾಗಿಯೂ ಅನ್ನಿಸಿತು, ಒಂದು ಹೆಜ್ಜೆ ಹಿಂದಕ್ಕೂ ಇಟ್ಟ. ಅಲ್ಲಿ ನಾಗಜ್ಜಿ ಇನ್ನೂ ಹೊತ್ತಿಸದ ಬೆರಣಿ ಹಿಡಿದು ನಿಂತಿದ್ದಳು.

ಬೆರಣಿ ಹಿಡಿದವರಿಗೆ ಇಲ್ಲ ಎನ್ನುವುದು ಹೊನ್ನಯ್ಯನಿಗೆ ಗೊತ್ತೇ ಇರಲಿಲ್ಲ. ತನ್ನದನ್ನು ಅವಳದಕ್ಕೆ ತಾಗಿಸಿ ಊದಿದ. ಅವಳದು ಹೊತ್ತಿತು. ಅವಳು ಹಿಂದಿನವನದಕ್ಕೆ ಹೊತ್ತಿಸಿದಳು, ಅವನು ತನ್ನ ಹಿಂದಿನವಳದಕ್ಕೆ. ಕೊಟ್ಟವರದು ಯಾರದೂ ಕಡಿಮೆಯಾಗಲಿಲ್ಲ. ಕಸಿದ ಬೆಂಕಿಯನ್ನಷ್ಟೇ ಕಂಡಿದ್ದ ಧೂಮಾಂಗನಿಗೆ ಇದು ಹೊಳೆದೇ ಇರಲಿಲ್ಲ. ನೋಡುನೋಡುತ್ತಿದ್ದಂತೆ ಅಂಗಳವೆಲ್ಲ ಬೆಳಗಿತು.

ಮೇಲಿದ್ದ ನವಿಲು ಕತ್ತು ಬಾಗಿಸಿ ನೋಡಿತು. ಅದರ ಒಂದೊಂದು ಗರಿಗೂ ತನ್ನ ತನ್ನ ಮನೆಯವರ ಗುರುತು ಸಿಕ್ಕಿತು. ಗರಿಗಳು ಒಂದೊಂದಾಗಿ ಕಳಚಿ, ಊರ ಮೇಲೆ ಹಾರಿ, ತಮ್ಮ ತಮ್ಮ ಒಲೆಗಳಲ್ಲಿ ಇಳಿದವು. ನವಿಲು ಬರಿದಾಯಿತು. ಬೆಂಕಿ ಹೋದ ಮೇಲೆ ಉಳಿಯುವುದೇನು? ಧೂಮಾಂಗ ಹಿಡಿ ಹೊಗೆಯಾಗಿ, ಕೋಟೆಯ ಬಿರುಕಿನಿಂದ ನುಸುಳಿ, ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಅರಮನೆ ತಣ್ಣಗಾಯಿತು. ಅದರ ಅಡುಗೆಮನೆಯ ಕೆಂಡವನ್ನೂ ನವಿಲು ಎಂದೋ ನುಂಗಿತ್ತು. ಅರಸ ಮೆಟ್ಟಿಲಿಳಿದು ಬಂದ. ಯಾರೋ ಬೀಳಿಸಿದ ಬೆರಣಿ ಚೂರನ್ನು ಎತ್ತಿಕೊಂಡು ಜನರ ಸಾಲಿನ ಕೊನೆಯಲ್ಲಿ ನಿಂತ. ಊರ ಕಡೆ ತಿರುಗಿದ್ದ ನಾಗಜ್ಜಿ ಅವನೆದುರಿಗೆ ಬಂದಳು. ಅವಳಿಗೆ ಕಿರೀಟ ಕಾಣಲಿಲ್ಲ, ಚಾಚಿದ ಬೆರಣಿಯಷ್ಟೇ ಕಂಡಿತು.

"ಯಾರ ಮನೆ ಒಲೆ ಆರೈತಪ್ಪ?"

"ನನ್ನ ಮನೆಯದು, ತಾಯಿ," ಎಂದ ಅರಸ.

ಅವಳು ಏನನ್ನೂ ಕೇಳದೆ ಹೊತ್ತಿಸಿಕೊಟ್ಟಳು. ಅರಸ ತಲೆಬಾಗಿ ಅವಳ ಪಾದ ಮುಟ್ಟಿದ. ಅಂದಿನಿಂದ ಕೆಂಡದ ಕಂದಾಯ ನಿಂತಿತು. ನಾಡಿಗೆ ಏನಾದರೂ ಖರ್ಚು ಬಂದರೆ ಅರಸನೇ ಬೆರಣಿ ಹಿಡಿದು ಕೇರಿಗೆ ಬಂದು, ಜಗಲಿಯ ಮೇಲೆ ಕೂತು, ಇದು ಯಾತಕ್ಕೆ ಎಂದು ಹೇಳುತ್ತಿದ್ದ. ಜನ ಒಪ್ಪಿದರೆ ಆ ಬೆರಣಿ ಹೊತ್ತಿಸಿ ಕಳಿಸುತ್ತಿದ್ದರು.

ಹೊನ್ನಯ್ಯ ಓಡೋಡಿ ಮನೆಗೆ ಬಂದಾಗ ಹಂಡೆಯ ನೀರು ಮರಳುತ್ತಿತ್ತು. ಅವನ ಹಿಂದೆಯೇ ಬಂದ ನಾಗಜ್ಜಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದಳು. ಕೂಸಿನ ಪಾದ ಕೆಂಪಗಾಯಿತು. ಹೆಸರೇನಿಡುತ್ತೀರಿ ಎಂದು ಕೇಳಿದವರಿಗೆ ನೀಲವ್ವ ಯೋಚಿಸದೆ, ನಾಗವ್ವ ಎಂದಳು.

ಹೊಂಗಿರಿಯ ಒಲೆಗಳು ಇಂದಿಗೂ ಆರಿಲ್ಲವಂತೆ. ಅವರ ಬೆಂಕಿ ಅವರನ್ನು ಕಾಯಲಿ, ಈ ಕತೆ ನಮ್ಮನ್ನು ಬೆಚ್ಚಗಿಡಲಿ.