ತಣ್ಣಗಾದ ಔಷಧ

ನಾನು ಕಾಂತಾ. ೧೯೮೨ರಲ್ಲಿ ಬೆಳಗಾವಿಯ ಒಂದು ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ನರ್ಸಾಗಿದ್ದೆ. ಬೇಸಿಗೆಯ ಒಂದು ಮಧ್ಯಾಹ್ನ ಖಾನಾಪುರದ ಬದರುನ್ನಿಸಾ ಕಿಡ್ನಿಯ ಚಿತ್ರ ತೆಗೆಸಲು ಬಂದಿದ್ದರು. ಕಿಡ್ನಿ ಎದ್ದು ಕಾಣಲೆಂದು ನರಕ್ಕೆ ಕೊಡುವ ಔಷಧವನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದೆ. ಸಿರಿಂಜಿಗೆ ತುಂಬಿದೊಡನೆ ಅದು ಮಂಜುಗಡ್ಡೆಯಂತೆ ತಣ್ಣಗಾಯಿತು. ಮತ್ತೆ ಬಿಸಿ ಮಾಡಿದೆ, ಮತ್ತೆ ತಣ್ಣಗಾಯಿತು. ಮೂರನೆಯ ಸಲ ಕಾಯುತ್ತ, ಸುಮ್ಮನಿರಲಾಗದೆ ಕೇಳಿದೆ:

“ಇಂಥಾ ಸೂಜಿ ಮೊದಲ ಮಾಡಿಸ್ಕೊಂಡೀರೇನ್ರಿ?”

“ಹೌದ್ರಿ ಸಿಸ್ಟರ್. ಆವಾಗ ಮೈತುಂಬ ತುರಿಸೋ ಗಂಧಿ ಎದ್ದು ಉಸಿರ ಕಟ್ಟಿತ್ತು. ಇಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಔಷಧವನ್ನು ಅಲ್ಲೇ ಬಿಟ್ಟೆ. ಡಾಕ್ಟರರನ್ನು ಕೂಗಿದೆ. “ಇವರಿಗೆ ಆ ಔಷಧ ಬ್ಯಾಡ, ಬರೇ ಎಕ್ಸ್-ರೇ ತಗೀರಿ,” ಎಂದರು. ಅದರಲ್ಲೇ ಹರಳು ಕಂಡಿತು. ಆಪರೇಶನ್ ಆಗಿ, ಹದಿನೈದು ದಿನಕ್ಕೆ ಬದರುನ್ನಿಸಾ ನಗುತ್ತ ಊರಿಗೆ ಹೋದರು. ಅಂದಿನಿಂದ, ಕೇಳದೆ ನಾನು ಯಾರಿಗೂ ಸೂಜಿ ಚುಚ್ಚಲಿಲ್ಲ.

ಆ ಫಿಲ್ಮನ್ನು ನಾನೇ ಬೆಳಕಿಗೆ ಹಿಡಿದು ನೋಡಿದ್ದೆ. ಚಿತ್ರ ತೆಗೆಯುವಾಗ ಅವರು ಎರಡೂ ಕೈಗಳನ್ನು ತಲೆಯ ಮೇಲಿಟ್ಟು ಒಬ್ಬರೇ ಮಲಗಿದ್ದರು. ಆದರೂ ಅವರ ಸೊಂಟದ ಮೇಲೆ, ಹಗುರವಾಗಿ ಇಟ್ಟ ಒಂದು ಕೈಯ ಐದೂ ಬೆರಳುಗಳ ಎಲುಬು ಸ್ಪಷ್ಟವಾಗಿ ಕಾಣುತ್ತಿತ್ತು.