ತಲೆಕೆಳಗಾದ ಕರಡಿ ಪುಸ್ತಕ

"ಕರಡಿ ಮರ ಹತ್ತಿತು. ಮರದ ತುದಿಯಲ್ಲಿ ಜೇನುಗೂಡು ಕಂಡಿತು. ಆಹಾ, ಇವತ್ತು ಹೊಟ್ಟೆ ತುಂಬಾ ಜೇನು ಎಂದಿತು ಕರಡಿ."

ಮೆಟ್ಟಿಲ ಮೇಲೆ ಕೂತು ರೇಡಿಯೋ ಗಳಗಳನೆ ಓದುತ್ತಿದ್ದ. ಅವನಿಗೆ ಆರು ವರ್ಷ. ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಅವನ ಬಾಯಿಗೆ ಬಿಡುವಿಲ್ಲ, ಅದಕ್ಕೇ ಆ ಹೆಸರು. ಪಕ್ಕದಲ್ಲಿ ಅವನ ಹತ್ತು ವರ್ಷದ ಅಕ್ಕ ಪೆನ್ಸಿಲ್ ಕಚ್ಚುತ್ತಾ ಭಾಗಾಕಾರ ಮಾಡುತ್ತಿದ್ದಳು. ಅವಳ ಅಡ್ಡಹೆಸರು ಗಡಿಬಿಡಿ. ಯಾಕೆ ಎಂದು ಅವಳ ಭಾಗಾಕಾರ ನೋಡಿದರೆ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಎರಡು ವರ್ಷದ ಪಾಪು ತೆವಳುತ್ತಾ ಮೆಟ್ಟಿಲು ಹತ್ತಿ ಬಂದು ಪುಸ್ತಕ ಕಿತ್ತುಕೊಂಡಳು. ಅದರ ಮೂಲೆಯನ್ನು ಚೆನ್ನಾಗಿ ಚೀಪಿದಳು. ರುಚಿ ಹಿಡಿಸಲಿಲ್ಲವೋ ಏನೋ, ವಾಪಸ್ ಕೊಟ್ಟಳು. ರೇಡಿಯೋ ಒರೆಸಿಕೊಂಡು ಮುಂದುವರಿಸಿದ.

"ಜೇನುಹುಳುಗಳು ಗುಂಯ್ ಎಂದು ಎದ್ದವು. ಕರಡಿ ಓಡಿತು, ಓಡಿತು, ಓಡಿತು."

ಗಡಿಬಿಡಿ ತಲೆ ಎತ್ತಿ ನೋಡಿದಳು. ಚಿತ್ರದಲ್ಲಿ ಕರಡಿಯ ಕಾಲು ಮೇಲಿತ್ತು, ತಲೆ ಕೆಳಗಿತ್ತು. ಮರವೂ ಆಕಾಶದಿಂದ ಕೆಳಕ್ಕೆ ಬೆಳೆದಿತ್ತು.

"ಲೋ, ಪುಸ್ತಕ ತಲೆಕೆಳಗೆ ಹಿಡ್ಕೊಂಡಿದ್ದೀಯ!"

ರೇಡಿಯೋ ಬಗ್ಗಿ ನೋಡಿದ. "ಹೌದಲ್ಲ! ಇರಲಿ ಬಿಡು, ಕತೆ ನೆಟ್ಟಗೇ ಇದೆ."

ಗಡಿಬಿಡಿಗೆ ನಗು ಬಂತು. ಅರ್ಧ ನಕ್ಕು ನಿಲ್ಲಿಸಿದಳು. ಅವಳು ಪುಸ್ತಕ ಕಸಿದುಕೊಂಡು, ನೆಟ್ಟಗೆ ಹಿಡಿದು, 'ಮರ' ಎಂಬ ಪದದ ಮೇಲೆ ಬೆರಳಿಟ್ಟಳು.

"ಇದೇನು ಹೇಳು?"

"ಎಷ್ಟನೇ ಪುಟ ಅದು?"

"ಪುಟ ಯಾಕೆ? ಪದ ಓದು."

"ಪುಟ ಗೊತ್ತಾಗದೆ ಹೇಗೆ ಓದೋದು?" ಎಂದ ರೇಡಿಯೋ, ತನ್ನ ಅಕ್ಕನಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎನ್ನುವ ಹಾಗೆ.

ಇವನಿಗೆ ಓದಲು ಬರುವುದೇ ಇಲ್ಲ! ಗಡಿಬಿಡಿ ಪುಸ್ತಕ ಮುಚ್ಚಿದಳು.

ಆ ಮನೆಯಲ್ಲಿ ಆರು ಮಕ್ಕಳು. ಯಾರೂ ಸ್ಕೂಲಿಗೆ ಹೋಗುವುದಿಲ್ಲ, ಮನೆಯೇ ಸ್ಕೂಲು. ಅಮ್ಮ ಒಬ್ಬರೇ ಆರು ಜನಕ್ಕೆ ಕಲಿಸುವುದು ಆಗದ ಮಾತು. ಅದಕ್ಕೆ ಅಮ್ಮ ಒಂದು ಉಪಾಯ ಮಾಡಿದ್ದರು. ಅಮ್ಮ ದೊಡ್ಡಕ್ಕನಿಗೆ ಕಲಿಸಬೇಕು, ದೊಡ್ಡಕ್ಕ ಅವಳಿ ಅಣ್ಣಂದಿರಿಗೆ, ಅವಳಿ ಅಣ್ಣಂದಿರು ಗಡಿಬಿಡಿಗೆ, ಗಡಿಬಿಡಿ ರೇಡಿಯೋಗೆ. ರೇಡಿಯೋ ಪಾಪುವಿಗೆ ಸೀಮೆಸುಣ್ಣ ತಿನ್ನಬಾರದು ಎಂದು ಕಲಿಸಬೇಕು. ಅದೊಂದು ಪಾಠ ಒಂದು ವರ್ಷದಿಂದ ನಡೆಯುತ್ತಲೇ ಇತ್ತು.

ಇನ್ನೊಂದು ವಿಷಯವಿದೆ. ಅಪ್ಪ ಬೇಕರಿಯಲ್ಲಿ ರಾತ್ರಿಯಿಡೀ ಬ್ರೆಡ್ ಬೇಯಿಸಿ ಬಂದು ಹಗಲು ಹನ್ನೆರಡರ ತನಕ ಮಲಗುತ್ತಾರೆ. ಹಾಗಾಗಿ ಅಲ್ಲಿಯವರೆಗೆ ಇಡೀ ಸ್ಕೂಲು ಪಿಸುಮಾತಿನಲ್ಲೇ ನಡೆಯಬೇಕು. ಮಗ್ಗಿ ಹೇಳುವುದೂ ಪಿಸುಮಾತಿನಲ್ಲಿ. ಅವಳಿಗಳು "ರಬ್ಬರ್ ಕೊಡೋ ಕಳ್ಳ" ಎಂದು ಜುಟ್ಟು ಹಿಡಿದು ಹೊಡೆದಾಡುವುದೂ ಪಿಸುಮಾತಿನಲ್ಲಿ. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಮೆಟ್ಟಿಲ ಕಡೆಯಿಂದ ಗುಜುಗುಜು ಕೇಳಿಸಿದರೆ ಸಾಕು, ಪಾಠ ನಡೆಯುತ್ತಿದೆ ಎಂದು ಸಮಾಧಾನ.

ಎರಡು ತಿಂಗಳ ಹಿಂದೆ ಗಡಿಬಿಡಿ ಓಡಿಹೋಗಿ ಅಮ್ಮನಿಗೆ ಹೇಳಿದ್ದಳು. "ಅಮ್ಮ, ರೇಡಿಯೋಗೆ ಓದೋಕೆ ಬಂತು!"

ನಿಜ ಹೇಳಬೇಕೆಂದರೆ ಅವಳಿಗೆ ಬೇಗ ಮುಗಿಸಿ ಸೈಕಲ್ ಹತ್ತಬೇಕಾಗಿತ್ತು. ಕರಡಿ ಪುಸ್ತಕವನ್ನು ಅವಳೇ ನೂರು ಸಲ ಓದಿ ಹೇಳಿದ್ದಳು. ನೂರೊಂದನೇ ಸಲ ಅವನೇ ಹೇಳಿದ. ಅಷ್ಟೇ ನಡೆದದ್ದು.

ಅಮ್ಮ ಖುಷಿಯಿಂದ ಅತ್ತೆಗೆ ಫೋನ್ ಮಾಡಿದ್ದರು. ಅತ್ತೆ ಎಂದರೆ ಅಪ್ಪನ ಅಕ್ಕ, ದೊಡ್ಡ ಸ್ಕೂಲೊಂದರ ಹೆಡ್‌ಮಿಸ್. ಮನೆಯಲ್ಲಿ ಕಲಿಸುವುದೆಂದರೆ ಅವರಿಗೆ ನಂಬಿಕೆಯೇ ಇಲ್ಲ. "ಅತ್ತಿಗೆ, ನಮ್ಮ ಆರು ವರ್ಷದವನು ಗಳಗಳ ಅಂತ ಓದ್ತಾನೆ. ಒಂದ್ಸಲ ಬಂದು ನೋಡಿ," ಎಂದಿದ್ದರು ಅಮ್ಮ. ಹಾಗೆ ಹೇಳುವಾಗ ಅಮ್ಮನ ಬೆನ್ನು ನೆಟ್ಟಗಾಗಿದ್ದನ್ನು ಗಡಿಬಿಡಿ ನೋಡಿದ್ದಳು.

ಅತ್ತೆ ಬರುವುದು ಶನಿವಾರ. ಇವತ್ತು ಬುಧವಾರ.

ಮೂರು ದಿನದಲ್ಲಿ ಇವನಿಗೆ ಓದು ಕಲಿಸಲೇಬೇಕು, ಇಲ್ಲದಿದ್ದರೆ ಅಮ್ಮ ಅತ್ತೆಯ ಮುಂದೆ ಸುಳ್ಳುಗಾರ್ತಿ ಆಗುತ್ತಾರೆ ಎಂದುಕೊಂಡಳು ಗಡಿಬಿಡಿ. ರೇಡಿಯೋನ ಕೈಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಅಲ್ಲಿ ಎಂಟು ಜನರ ಬಟ್ಟೆ ಸಾಲಾಗಿ ಒಣಗುತ್ತಿತ್ತು. ಬೆಡ್‌ಶೀಟಿನ ಹಿಂದೆ ಕೂತರೆ ಯಾರಿಗೂ ಕಾಣುವುದಿಲ್ಲ.

ಸ್ಲೇಟಿನ ಮೇಲೆ 'ಮರ' ಎಂದು ಬರೆದಳು. "ಮೊದಲನೇ ಅಕ್ಷರ ಯಾವುದು?"

ರೇಡಿಯೋ ಕಣ್ಣು ಮುಚ್ಚಿ ಹಾಡಿದ. "ಪ ಫ ಬ ಭ ಮ... ಮ!" ಅವನಿಗೆ ಅಕ್ಷರಗಳೆಲ್ಲ ಗೊತ್ತಿದ್ದವು, ಆದರೆ ಹಾಡಿನಲ್ಲಿ. ಒಂದು ಅಕ್ಷರ ಬೇಕಾದರೆ ಸಾಲಿನ ಮೊದಲಿನಿಂದ ಹಾಡಿಕೊಂಡು ಬರಬೇಕಾಗಿತ್ತು.

"ಎರಡನೇದು?"

"ಯ ರ... ರ!"

"ಎರಡೂ ಸೇರಿಸಿ ಹೇಳು."

"ಮ. ರ."

"ಬೇಗ ಬೇಗ ಹೇಳು. ಏನಾಯ್ತು?"

"ಕರಡಿ!" ಎಂದ ರೇಡಿಯೋ ಹೆಮ್ಮೆಯಿಂದ.

ಗುರುವಾರವೂ ಅದೇ ಕತೆ. 'ಬಳೆ', 'ಕಿವಿ', 'ಗಾಳಿ', ಎಲ್ಲವೂ ಅಕ್ಷರ ಅಕ್ಷರವಾಗಿ ಬರುತ್ತಿದ್ದವು, ಆದರೆ ಕೂಡಿಕೊಳ್ಳುತ್ತಿರಲಿಲ್ಲ. ಶುಕ್ರವಾರ ಗಡಿಬಿಡಿಯ ತಾಳ್ಮೆ ಕೈಕೊಟ್ಟಿತು.

"ತಲೆಯಲ್ಲಿ ಏನಿದೆಯೋ ನಿಂಗೆ? ಇಷ್ಟೂ ಬರಲ್ವಾ?"

ರೇಡಿಯೋ ಸ್ಲೇಟು ಕೆಳಗಿಟ್ಟ. "ನಂಗೆ ಓದೋಕೆ ಬರುತ್ತೆ ಅಂತ ನೀನೇ ಹೇಳಿದ್ದೆ ತಾನೆ?"

ಅವನು ಮೂಗು ಒರೆಸಿಕೊಂಡು ಹೇಳಿದ, "ದೊಡ್ಡಕ್ಕನ ಹಾಗೆ ದಪ್ಪ ಪುಸ್ತಕ ನೆನಪಿಟ್ಟುಕೊಳ್ಳೋಕೆ ನಂಗೆ ಆಗಲ್ಲ. ನಾನಿನ್ನೂ ಚಿಕ್ಕವನು."

"ನೆನಪಿಟ್ಟುಕೊಳ್ಳೋದಾ?"

"ಹೂಂ. ನೀವೆಲ್ಲ ಎಲ್ಲಾ ಪುಸ್ತಕ ಬಾಯಿಪಾಠ ಮಾಡಿದ್ದೀರಲ್ಲ? ದೊಡ್ಡಕ್ಕ ಡಿಕ್ಷನರಿ ಕೂಡ ಮಾಡಿದಾಳೆ."

ಪಾಪ, ಇಷ್ಟು ದಿನ ಇವನು ಓದುವುದೆಂದರೆ ಅದೇ ಎಂದುಕೊಂಡಿದ್ದ. ಅವನು ಮೋಸ ಮಾಡಿರಲಿಲ್ಲ. ತನ್ನ ಕೈಲಾದಷ್ಟು ಓದಿದ್ದ!

"ಬಾಯಿಪಾಠ ಅಲ್ಲ ಕಣೋ. ಯಾರೂ ಹೇಳಿಕೊಡಬೇಕಾಗಿಲ್ಲ. ಕಾಗದನೇ ಹೇಳುತ್ತೆ."

"ಕಾಗದಕ್ಕೆ ಬಾಯಿ ಎಲ್ಲಿದೆ?"

"ಇಲ್ಲ, ಆದ್ರೂ ಹೇಳುತ್ತೆ."

"ಹೇಗೆ?"

ಗಡಿಬಿಡಿ ಯೋಚಿಸಿದಳು. ದಿನಾ ಓದುತ್ತಿದ್ದಳು, ಹೇಗೆ ಎಂದು ಮಾತ್ರ ಅವಳಿಗೂ ಗೊತ್ತಿರಲಿಲ್ಲ. ಅವತ್ತು ಸಂಜೆ ತನಕ ಅವನಿಗೆ ಬೈಯದೆ, ಅವಸರ ಮಾಡದೆ ಜೊತೆಯಲ್ಲಿ ಕೂತಳು. ಅಕ್ಷರಗಳು ಬೇಗ ಬೇಗ ಬಂದವು. ಪದ ಒಂದೂ ಬರಲಿಲ್ಲ.

ಶನಿವಾರ ಹತ್ತು ಗಂಟೆಗೆ ಅತ್ತೆ ಬಂದರು. ಸಾವಿರ ಮಕ್ಕಳನ್ನು ಒಂದೇ ಕೂಗಿಗೆ ಸುಮ್ಮನಾಗಿಸುವ ಗಂಟಲು ಅವರದು. "ಎಲ್ಲಿ ನಿಮ್ಮ ಸ್ಕೂಲು?" ಎಂದು ಬಾಗಿಲಲ್ಲೇ ಗುಡುಗಿದರು. ಆರು ಮಕ್ಕಳೂ ಒಟ್ಟಿಗೇ ತುಟಿಯ ಮೇಲೆ ಬೆರಳಿಟ್ಟು "ಶ್ಶ್!" ಎಂದರು. ಹೆಡ್‌ಮಿಸ್‌ಗೆ ಯಾರೂ ಹಾಗೆ ಹೇಳಿರಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು, "ಎಲ್ಲಿ ನಿಮ್ಮ ಸ್ಕೂಲು?" ಎಂದು ಪಿಸುಗುಟ್ಟಿದರು.

ದೊಡ್ಡಕ್ಕನಿಗೆ, ಅವಳಿಗಳಿಗೆ ಪ್ರಶ್ನೆ ಕೇಳಿದರು. ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಅಮ್ಮ ನಗುತ್ತಾ ಕರಡಿ ಪುಸ್ತಕ ತಂದರು.

ರೇಡಿಯೋ ಅತ್ತೆಯ ಪಕ್ಕ ಕೂತು ಶುರುಮಾಡಿದ. ಎಲ್ಲಿಯೂ ತಡವರಿಸಲಿಲ್ಲ. ಅಮ್ಮನ ಮುಖ ಅರಳಿತು. ಆದರೆ ಅತ್ತೆ ಕೇಳಿಸಿಕೊಳ್ಳುತ್ತಿರಲಿಲ್ಲ, ಅವನ ಕಣ್ಣುಗಳನ್ನೇ ನೋಡುತ್ತಿದ್ದರು. ಮುಂದಿನ ಪುಟಕ್ಕೆ ಬಂದಾಗ ಮೆಲ್ಲಗೆ ಎರಡು ಹಾಳೆ ಒಟ್ಟಿಗೆ ತಿರುವಿದರು.

ಚಿತ್ರದಲ್ಲಿ ಕರಡಿ ಹೊಳೆಗೆ ಬಿದ್ದು ಒದ್ದೆಯಾಗಿತ್ತು. ರೇಡಿಯೋ ಓದಿದ, "ಆಹಾ, ಇವತ್ತು ಹೊಟ್ಟೆ ತುಂಬಾ ಜೇನು ಎಂದಿತು ಕರಡಿ."

ಅವಳಿಗಳಲ್ಲಿ ಒಬ್ಬ ಕಿಸಕ್ಕೆಂದ, ಇನ್ನೊಬ್ಬ ಅವನನ್ನು ತಿವಿದ. ಅಮ್ಮ ಪುಸ್ತಕ ನೋಡಿದರು, ರೇಡಿಯೋನನ್ನು ನೋಡಿದರು. ನಗು ಅವರ ಮುಖದಿಂದ ನಿಧಾನವಾಗಿ ಇಳಿದುಹೋಯಿತು.

"ಅಮ್ಮ, ಅವನ ತಪ್ಪಿಲ್ಲ," ಎಂದಳು ಗಡಿಬಿಡಿ. "ಅವನಿಗೆ ಬಾಯಿಪಾಠ ಆಗಿತ್ತು ಅಷ್ಟೇ. ನಾನು ಸೈಕಲ್‌ಗೆ ಹೋಗಬೇಕು ಅಂತ ಓದೋಕೆ ಬಂತು ಅಂದುಬಿಟ್ಟೆ. ಬುಧವಾರ ನಂಗೆ ಗೊತ್ತಾಯ್ತು. ಆಗಲೂ ನಿಂಗೆ ಹೇಳಲಿಲ್ಲ."

ಅಮ್ಮ ಬೈಯಲಿಲ್ಲ. ಏನಾದರೂ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಅತ್ತೆ ಪೆನ್ನು ತೆಗೆದರು. ಒಂದು ಚೀಟಿ ಹರಿದು, ಮಂಡಿಯ ಮೇಲಿಟ್ಟುಕೊಂಡು, ದುಂಡಗೆ ಏನೋ ಬರೆದರು. ಯಾರಿಗೂ ತೋರಿಸದೆ ರೇಡಿಯೋನ ಕೈಗೆ ಕೊಟ್ಟರು. "ಜೋರಾಗಿ ಓದಬೇಡ. ನಿಂಗೆ ಮಾತ್ರ ಕೇಳಿಸೋ ಹಾಗೆ ಓದಿಕೋ. ಆತುರ ಇಲ್ಲ."

ರೇಡಿಯೋ ಗೋಡೆಗೆ ಒರಗಿ ಕೂತ. ಚೀಟಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ತುಟಿ ಅಲ್ಲಾಡತೊಡಗಿತು.

"ಚ ಚಾ ಚಿ ಚೀ... ಚೀ. ಯ ರ ಲ... ಲ."

ಗಳಗಳ ಎನ್ನುತ್ತಿದ್ದವನು ಈಗ ಹೆಜ್ಜೆಗೊಮ್ಮೆ ಎಡವುತ್ತಿದ್ದ. ದೊಡ್ಡಕ್ಕ ಅಯ್ಯೋ ಎಂದು ತಲೆ ತಗ್ಗಿಸಿದಳು. ಗಡಿಬಿಡಿ ಮಾತ್ರ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಚೀ. ಲ. ಚೀ ಲ. ಚೀಲ."

ತುಟಿ ನಿಂತಿತು. ಹಿಂದಿನಿಂದ ಯಾರೋ ಹೆಗಲು ತಟ್ಟಿ ಕರೆದ ಹಾಗೆ ಅವನು ಥಟ್ಟನೆ ತಲೆ ಎತ್ತಿದ. ಅತ್ತೆಯ ಕಾಲ ಬಳಿ ಇದ್ದ ಕಂದು ಚೀಲ ನೋಡಿದ. ಮತ್ತೆ ಚೀಟಿ ನೋಡಿದ. ಮತ್ತೆ ಚೀಲ ನೋಡಿದ. ಕಣ್ಣು ಇಷ್ಟಗಲ ಆಗಿತ್ತು.

ಗಡಿಬಿಡಿ ನೋಡಿಬಿಟ್ಟಳು. ಕೂಡಿಕೊಂಡಿತು! ಅವಳ ಕಣ್ಣೆದುರಿಗೇ, ಇಷ್ಟು ಹೊತ್ತಿನ ತನಕ ಇಲ್ಲದ್ದು ಈಗ ಇತ್ತು. ಅವಳು ಉಸಿರು ಬಿಗಿಹಿಡಿದಳು, ಉಸಿರಾಡಿದರೆ ಎಲ್ಲಿ ಹೋಗಿಬಿಡುತ್ತದೋ ಎಂದು.

ಅವನು ಮತ್ತೆ ಬಗ್ಗಿದ. "ತೆ... ರೆ. ತೆರೆ. ಒ... ಳ... ಗೆ..." ತುಟಿ ಬಹಳ ಹೊತ್ತು ಅಲ್ಲಾಡಿತು. ಆಮೇಲೆ ಎದ್ದ. ನೆಟ್ಟಗೆ ಅತ್ತೆಯ ಬಳಿ ಹೋಗಿ, ಚೀಲದ ಜಿಪ್ ಎಳೆದು, ಒಳಗೆ ತಲೆ ಹಾಕಿದ.

"ಏಯ್! ದೊಡ್ಡವರ ಚೀಲಕ್ಕೆ ಕೈ ಹಾಕ್ತೀಯಾ?" ಅಮ್ಮ ಪಿಸುದನಿಯಲ್ಲೇ ಗದರಿದರು.

ಅತ್ತೆ ಕೈ ಎತ್ತಿ ತಡೆದರು. ಬಿದ್ದಿದ್ದ ಚೀಟಿಯನ್ನು ಎತ್ತಿ ಅಮ್ಮನಿಗೆ ಕೊಟ್ಟರು. ಅಮ್ಮ ಓದಿ, ಅದನ್ನು ಗಡಿಬಿಡಿಯ ಕೈಗೆ ದಾಟಿಸಿದರು.

'ಚೀಲ ತೆರೆ. ಒಳಗೆ ಏನಿದೆ ನೋಡು.'

"ಕಿತ್ತಳೆಹಣ್ಣು!" ಎಂದು ರೇಡಿಯೋ ಮನೆ ಹಾರಿಹೋಗುವ ಹಾಗೆ ಕಿರುಚಿದ. ಪಿಸುಮಾತು ಗಿಸುಮಾತು ಎಲ್ಲ ಮರೆತುಹೋಗಿತ್ತು. "ಅಕ್ಕಾ! ಇದನ್ನ ನಂಗೆ ಯಾರೂ ಹೇಳಿರಲಿಲ್ಲ! ಕಾಗದನೇ ಹೇಳ್ತು!"

ಒಳಗೆ ಮಂಚ ಕಿರ್ರೆಂದಿತು. ಅಪ್ಪ ಒಂದು ಕಣ್ಣು ಮುಚ್ಚಿಕೊಂಡೇ ಓಡಿಬಂದರು. "ಏನಾಯ್ತು? ಎಲ್ಲಿ ಬೆಂಕಿ? ಯಾರು ಬಿದ್ದರು?"

"ಯಾರೂ ಬಿದ್ದಿಲ್ಲ," ಎಂದರು ಅಮ್ಮ. "ನಿಮ್ಮ ಮಗ ಓದಿದ."

"ಅವನು ಆವಾಗಲೇ ಓದ್ತಿದ್ದನಲ್ಲ?"

"ಇಲ್ಲ. ಈಗ ಓದಿದ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು, ಬಹಳ ಹೊತ್ತು ಒರೆಸಿದರು. "ಮೂವತ್ತು ವರ್ಷದಿಂದ ಕಲಿಸ್ತಾ ಇದೀನಿ," ಎಂದರು ಅಮ್ಮನಿಗೆ, ಮೆಲ್ಲಗೆ. "ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಈ ಗಳಿಗೆ ಯಾವಾಗ ಬಂದು ಹೋಗುತ್ತೋ ಕಾಣೋದೇ ಇಲ್ಲ." ಆಮೇಲೆ ಗಡಿಬಿಡಿಯ ಕಡೆ ತಿರುಗಿದರು. "ಹಾಡಿಕೊಂಡು ಅಕ್ಷರ ಹುಡುಕೋದನ್ನ ಬಿಡಿಸಬೇಡ. ತಾನೇ ಬಿಟ್ಟುಹೋಗುತ್ತೆ."

ಗಡಿಬಿಡಿ ಅಮ್ಮನನ್ನು ನೋಡಿದಳು. ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು. ಕೈ ಭಾರವಾಗಿತ್ತು, ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು. "ಸೋಮವಾರದಿಂದ ಒತ್ತಕ್ಷರ," ಎಂದರು. "ನೀನೇ ಹೇಳಿಕೊಡು. ಅವನಿಗೆ ಬರೋ ಹೊತ್ತಿಗೆ ನನ್ನ ಕರಿ, ನಾನೂ ನೋಡಬೇಕು."

ಎಲ್ಲರೂ ಕಿತ್ತಳೆಯ ಸುತ್ತ ಸೇರಿದರು. ಒಂದು ಹಣ್ಣು, ಆರು ಜನ. ಅವಳಿಗಳು ತೊಳೆ ಎಣಿಸಿ ಜಗಳ ಶುರುಮಾಡಿದರು. ಅಪ್ಪ ಎದ್ದಾಗಿತ್ತಲ್ಲ, ಜಗಳ ಈಗ ಜೋರುದನಿಯಲ್ಲೇ ನಡೆಯಿತು.

ಗಡಿಬಿಡಿ ಚೀಟಿ ಹಿಡಿದು ಬಾಗಿಲ ಬಳಿ ನಿಂತಿದ್ದಳು. ತಾನು ಮೊದಲ ಸಲ ಓದಿದ್ದು ಯಾವಾಗ? ಯಾವ ಪದ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅವಳಿಗೆ ಒಂದು ಆಟ ಹೊಳೆಯಿತು. ಚೀಟಿಯನ್ನು ನೋಡಬೇಕು, ಆದರೆ ಓದಬಾರದು. ಬುಧವಾರ ರೇಡಿಯೋ ನೋಡುತ್ತಿದ್ದ ಹಾಗೆ ಬರೀ ಗೆರೆ, ಬರೀ ಸುತ್ತು ಮಾತ್ರ ನೋಡಬೇಕು. ಕಣ್ಣು ಮುಚ್ಚಿ ತೆರೆದಳು. ಚೀಲ ತೆರೆ. ಇನ್ನೊಮ್ಮೆ ಮುಚ್ಚಿ, ಒಂದೇ ಕಣ್ಣು ತೆರೆದಳು. ಚೀಲ ತೆರೆ. ಚೀಟಿಯನ್ನು ತಲೆಕೆಳಗೆ ಹಿಡಿದಳು. ಆಗಲೂ ಅದು ಹೇಳಿಬಿಟ್ಟಿತು.