ನಿಮ್ಮ ಬೇಸ್ ನಮ್ಮನೇಲಿದೆ

ಬೈಯಲೆಂದೇ ಮೆಟ್ಟಿಲು ಹತ್ತಿದ್ದೆ. ಏನೇನು ಬೈಯಬೇಕು, ಯಾವುದಾದ ಮೇಲೆ ಯಾವುದು ಎಂದು ಉಪ್ಪಿಟ್ಟು ಕೆದಕುವಾಗಲೇ ಜೋಡಿಸಿಟ್ಟುಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಮೇಲಿನ ಮನೆಗೆ ಬಾಡಿಗೆಗೆ ಬಂದು ಒಂದೂವರೆ ತಿಂಗಳಾಗಿದ್ದ ಆ ಮನುಷ್ಯನ ಮುಖವನ್ನು ನಾನು ಸರಿಯಾಗಿ ನೋಡಿಯೂ ಇರಲಿಲ್ಲ. ಅವರ ಧಮ್ ಧಮ್ ಮಾತ್ರ ಚೆನ್ನಾಗಿ ಪರಿಚಯವಿತ್ತು.

ಬಾಗಿಲು ತೆರೆದೇ ಇತ್ತು. ಇಣುಕಿದರೆ, ಮೂವತ್ತು ದಾಟಿದ ಎತ್ತರದ ಗಂಡಸೊಬ್ಬ ಹಾಲಿನ ನೆಲದ ಮೇಲೆ ಅಂಬೆಗಾಲಿಡುತ್ತಿದ್ದ! ಒಂದಷ್ಟು ದೂರ ಹರಿಯುವುದು, ನಿಲ್ಲುವುದು, ಕಿವಿಗೊಡುವುದು, ತಲೆಯಾಡಿಸಿ ಮತ್ತೆ ಹರಿಯುವುದು. ಸೋಫಾದ ಮೇಲೆ, ಮನುಷ್ಯರು ಕೂರಬೇಕಾದ ಜಾಗದಲ್ಲಿ, ಸೊಂಟದೆತ್ತರದ ಟವರ್ ಸ್ಪೀಕರೊಂದು ದಿಂಬಿಗೆ ಒರಗಿಕೊಂಡು ಹಾಡುತ್ತಿತ್ತು. ಅಯ್ಯೋ ಶಿವನೇ, ಇವರಿಗೆ ತಲೆ ನೆಟ್ಟಗಿಲ್ಲ ಅಂದುಕೊಂಡೆ.

"ಏನಾದ್ರೂ ಕಳ್ಕೊಂಡ್ರಾ?"

"ಬೇಸ್ ಹುಡುಕ್ತಿದ್ದೀನಿ ಕಣ್ರೀ, ಹಾಡಿನ ಧಮ್ ಧಮ್ಮು," ಎಂದರು ತಲೆಯೆತ್ತದೆ. "ಈ ಮನೇಲಿ ಎಲ್ಲೂ ಸಿಗ್ತಿಲ್ಲ."

"ಅದಾ? ಅದು ನಮ್ಮನೇಲಿದೆ. ಕೆಳಗೆ ಬಂದು ತಗೊಂಡ್ಹೋಗಿ."

ಆಗ ತಲೆಯೆತ್ತಿದರು. ಮೊದಲು ನನ್ನ ಹವಾಯಿ ಚಪ್ಪಲಿ ನೋಡಿದರು, ಆಮೇಲೆ ಕೈಯಲ್ಲೇ ಉಳಿದುಹೋಗಿದ್ದ ಸೌಟು, ಕೊನೆಗೆ ಮುಖ. ಅಲ್ಲಿಗೆ ಬಂದ ನೋಟ ಅಲ್ಲೇ ನಿಂತುಬಿಟ್ಟಿತು. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನಕ್ಕೆ ಇಪ್ಪತ್ತು ಜನರ ಕಣ್ಣೊಳಗೆ ಟಾರ್ಚ್ ಬಿಟ್ಟು ನೋಡುತ್ತೇನೆ, ಯಾವತ್ತೂ ಏನೂ ಆಗಿಲ್ಲ. ಈ ಕಣ್ಣುಗಳು ಮಾತ್ರ ನನ್ನ ಬೈಗುಳವನ್ನು ಅರ್ಧ ಮರೆಸಿಬಿಟ್ಟವು.

"ಕೆಳಗಿನ ಮನೆಯವ್ರಾ? ನಾನು ರವಿಚಂದ್ರ, ಸರ್ವೇ ಇಲಾಖೆ." ಗಡಬಡಿಸಿ ಎದ್ದು ಮಂಡಿ ಒರೆಸಿಕೊಂಡರು. "ಸದ್ದು ಜಾಸ್ತಿ ಆಯ್ತಾ?"

"ಭವ್ಯಶ್ರೀ. ಅದು ಸದ್ದಲ್ಲ ರೀ, ಭೂಕಂಪ."

ಸುಳ್ಳೇನಲ್ಲ. ಅವರು ಹಾಡು ಹಾಕಿದರೆ ಸಾಕು, ನಮ್ಮ ಅಡುಗೆಮನೆಯಲ್ಲಿ ಮೊದಲು ಸಾಸಿವೆ ಡಬ್ಬಿಯ ಮುಚ್ಚಳ ಕಟಕಟ ಎನ್ನುತ್ತದೆ, ಆಮೇಲೆ ಜೀರಿಗೆಯದು, ಆಮೇಲೆ ಸ್ಟ್ಯಾಂಡಿನ ತಟ್ಟೆಗಳೆಲ್ಲ ಶುರುವಾಗುತ್ತವೆ. ಅಮ್ಮ ಅಕ್ಕನ ಬಾಣಂತನಕ್ಕೆಂದು ಚಾಮರಾಜನಗರಕ್ಕೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬಳೇ. ಹಾಡಿನ ದನಿಯಾಗಲಿ ಕೊಳಲಾಗಲಿ ಒಂದೂ ಕೇಳುತ್ತಿರಲಿಲ್ಲ. ಬರೀ ಆ ಕೆಳಗಿನ ಧಮ್ ಧಮ್.

"ನಂಗೆ ದನಿ, ಕೊಳಲು, ಪಿಟೀಲು ಎಲ್ಲ ಕೇಳ್ತದೆ. ಆ ಧಮ್ ಧಮ್ ಒಂದೇ ಬರಲ್ಲ," ಎಂದರು ರವಿಚಂದ್ರ. "ಬರ್ಲಿ ಅಂತ ವಾಲ್ಯೂಮ್ ಏರಿಸ್ತಾ ಹೋದೆ. ಬೇಸ್ ಬಟನ್ನೂ ಫುಲ್ ಇಟ್ಟುಬುಟ್ಟೆ."

ಅಂದರೆ ಇಷ್ಟು ದಿನ ಒಂದೇ ಹಾಡನ್ನು ಇಬ್ಬರೂ ಅರ್ಧರ್ಧ ಕೇಳುತ್ತಿದ್ದೆವು. ಅವರಿಗೆ ಮೇಲಿನರ್ಧ, ನನಗೆ ಕೆಳಗಿನರ್ಧ. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಎಡಗಡೆ ಒಂದು ಹಲ್ಲು ಸ್ವಲ್ಪ ಸೊಟ್ಟಗಿತ್ತು.

"ಅದ್ಸರಿ, ಸ್ಪೀಕರ್‌ನ ಯಾಕೆ ಸೋಫಾ ಮೇಲೆ ಕೂರ್ಸಿದ್ದೀರ? ನೆಂಟರಾ?"

"ಅದೊಂದು ಉಪಾಯ ಕಣ್ರೀ. ನಾವು ಕೂರೋ ಜಾಗದಲ್ಲಿ ಸ್ಪೀಕರ್ ಇಟ್ಟು, ನಾವು ನೆಲದ ಮೇಲೆ ಹರೀತಾ ಹೋಗ್ಬೇಕು. ಎಲ್ಲಿ ಬೇಸ್ ತುಂಬಿ ಬರ್ತದೋ ಅಲ್ಲಿ ಸ್ಪೀಕರ್ ನಿಲ್ಲಿಸ್ಬೇಕು. ಬೆಳಿಗ್ಗೆಯಿಂದ ಹರೀತಾ ಇದ್ದೀನಿ, ಮಂಡಿ ಹೋಯ್ತು, ಬೇಸ್ ಬರ್ಲಿಲ್ಲ."

ಅಷ್ಟರಲ್ಲಿ ಅವರಿಗೊಂದು ಫೋನು ಬಂತು. "ನಮಸ್ಕಾರ, ಮಂಜುಳಮ್ಮ ಮೇಡಂ," ಎಂದರು. ನನ್ನ ನಗು ಅಲ್ಲಿಗೇ ನಿಂತಿತು.

ಮಂಜುಳಮ್ಮ ನಮ್ಮಿಬ್ಬರ ಮನೆಗಳ ಓನರು. ನಮ್ಮ ಬಡಾವಣೆ ಜಯಲಕ್ಷ್ಮಿಪುರಂನಲ್ಲೇ ಮೂರು ರಸ್ತೆ ಆಚೆ ಇರುವ ನಿವೃತ್ತ ಹೆಡ್‌ಮೇಡಂ. ಹಿಂದಿನ ಸಂಜೆ ನಾನೇ ಸಿಟ್ಟಿನಲ್ಲಿ ಅವರಿಗೆ ಫೋನ್ ಮಾಡಿ, "ಒಂದು ಅವ್ರಿರ್ಬೇಕು, ಇಲ್ಲ ನಾನಿರ್ಬೇಕು," ಎಂದು ಕೂಗಾಡಿದ್ದೆ. ಆರು ವರ್ಷದಿಂದ ಇರುವವಳು ನಾನು. ಅವರು ಯಾರನ್ನು ಇಟ್ಟುಕೊಳ್ಳುತ್ತಾರೆ ಎನ್ನುವುದು ಕೇಳಬೇಕಾದ ಪ್ರಶ್ನೆಯೇ ಅಲ್ಲ.

"ತಿಂಗಳ ಕೊನೆಗೆ ಖಾಲಿ ಮಾಡ್ಬೇಕಂತೆ," ಎಂದರು ರವಿಚಂದ್ರ, ಫೋನ್ ಇಟ್ಟು. ದನಿ ಇಳಿದುಹೋಗಿತ್ತು. "ಯಾರೋ ಕಂಪ್ಲೇಂಟ್ ಕೊಟ್ಟವ್ರೆ. ಹೆಸರು ಹೇಳ್ಲಿಲ್ಲ. ಎದುರುಮನೆ ಚಾಮಯ್ಯನವರೇ ಇರ್ಬೇಕು, ನನ್ನ ಕಂಡಾಗೆಲ್ಲ ಮುಖ ಗಂಟು ಹಾಕ್ಕೋತಾರೆ. ನೀವು ನೋಡಿ, ಏನಿದ್ರೂ ನೇರ ಬಂದು ಎದುರಿಗೇ ಹೇಳಿದ್ರಿ. ಅಂಗಿರ್ಬೇಕು ಜನ."

"ಹೂಂ," ಎಂದೆ. ಅದೊಂದು ಹೂಂ ನನ್ನನ್ನು ಹತ್ತು ದಿನ ಸುಟ್ಟಿತು.

"ಕೆಳಗೆ ಸದ್ದು ಬರದಂಗೆ ಮಾಡಿ, ಮೇಡಂ ಹತ್ರ ನಾನು ಮಾತಾಡ್ತೀನಿ," ಎಂದೆ ಪ್ರಾಯಶ್ಚಿತ್ತಕ್ಕೆ. ಅವರ ಮುಖ ಅರಳಿತು. ಸ್ಪೀಕರನ್ನು ಸೋಫಾದಿಂದ ಇಳಿಸಿ ಇನ್ನೊಂದರ ಜೊತೆಗೆ ಮುಂದಿನ ಗೋಡೆಯ ಬಳಿ ನಿಲ್ಲಿಸಿದರು. ತಾವು ಸೋಫಾದಲ್ಲಿ ಕೂತು ಹಾಡು ಹಾಕಿದರು. ಪಕ್ಕದಲ್ಲಿ ಕೂರಲು ನನಗೆ ಸಂಕೋಚ. ಹಿಂದಿನ ಗೋಡೆಯ ಹತ್ತಿರ, ಕಿಟಕಿಯ ಪಕ್ಕ ನಿಂತೆ.

ನಿಂತವಳು ಬೆಚ್ಚಿಬಿದ್ದೆ. ತುಂಬಿದ ದನಿಯ ಅಡಿಯಲ್ಲಿ ಆ ಧಮ್ ಧಮ್ ಎದೆಗೇ ಬಂದು ತಾಕಿತು. ಅದು ಗದ್ದಲವಾಗಿರಲಿಲ್ಲ, ಹಿತವಾಗಿತ್ತು.

"ರೀ, ಇಲ್ಲಿದೆ!"

"ಏನು?"

"ನಿಮ್ಮ ಬೇಸು. ನಾನು ನಿಂತಿರೋ ಕಡೆ. ಬನ್ನಿ ಇಲ್ಲಿ."

ಬಂದರು. ಕಿಟಕಿಗೂ ಬೀರುವಿಗೂ ನಡುವೆ ಇಬ್ಬರು ನಿಲ್ಲುವಷ್ಟು ಜಾಗವಿರಲಿಲ್ಲ, ಆದರೂ ನಿಂತೆವು. ಅವರು ಕಣ್ಣು ಮುಚ್ಚಿದರು. ಹುಬ್ಬು ಮೇಲೇರಿತು, ತುಟಿ ತಾನಾಗಿ ಬಿಚ್ಚಿಕೊಂಡಿತು. ನಾನು ಕದ್ದು ನೋಡುತ್ತಲೇ ಇದ್ದೆ. ತಟ್ಟನೆ ಕಣ್ಣು ಬಿಟ್ಟು ನನ್ನನ್ನು ಹಿಡಿದುಬಿಟ್ಟರು. ನಾನು ಸೌಟು ನೋಡಿಕೊಂಡೆ.

"ಸೋಫಾನ ಹಾಲಿಗೆ ಸರಿಯಾಗಿ ಮಧ್ಯಕ್ಕೆ ಇಟ್ಟಿದ್ದೆ," ಎಂದರು ಪೆಚ್ಚಾಗಿ. "ಟೇಪ್ ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅರ್ಧ ಇಂಚು ಆಚೀಚೆ ಇಲ್ಲ."

"ಸರ್ವೆಯರ್ ಬುದ್ಧಿ! ಎಲ್ಲಾನೂ ಅಳೆದು ನಟ್ಟನಡುವೆ ಇಟ್ರೆ ಸುಖ ಎಲ್ಲಿಂದ ಬರುತ್ತೆ?"

ಆಮೇಲೆ ಓದಿ ತಿಳಿದುಕೊಂಡು ಹೇಳಿದರು, ತಪ್ಪು ಅದೇ ಎಂದು. ಅವರ ಹಾಲ್ ಚೌಕಾಕಾರ. ಚೌಕದ ಕೋಣೆಯ ನಡುವೆ, ಗೋಡೆಗೆ ಬಡಿದು ಹಿಂದಿರುಗುವ ಅಲೆ ಎದುರಿಗೆ ಬರುವ ಅಲೆಯನ್ನು ನುಂಗಿಹಾಕುತ್ತದಂತೆ. ಬೇಸ್ ಅಲ್ಲೇ ಸಾಯುತ್ತದೆ, ಗೋಡೆಯ ಬಳಿ ಬದುಕಿರುತ್ತದೆ. ಬೇಸ್ ಸತ್ತ ಜಾಗದಲ್ಲೇ ಅವರು ಕೂತು ವಾಲ್ಯೂಮ್ ಏರಿಸುತ್ತಿದ್ದರು, ಏರಿಸಿದ್ದೆಲ್ಲ ನೆಲದ ಮೂಲಕ ನನ್ನ ಸಾಸಿವೆ ಡಬ್ಬಿಗೆ ಇಳಿಯುತ್ತಿತ್ತು.

ಸೋಫಾ ಹಿಂದಕ್ಕೆ ಹೋಯಿತು. ಬೇಸ್ ಬಟನ್ ಸೊನ್ನೆಗೆ ಬಂತು. ಉದಯಗಿರಿಯಲ್ಲಿ ಗೊತ್ತಿದ್ದ ಮೆಕ್ಯಾನಿಕ್ ಹತ್ತಿರ ಹಳೇ ಲಾರಿ ಟೈರಿನ ರಬ್ಬರ್ ಕೊಯ್ಯಿಸಿ ತಂದರು. ನೆಲದ ಮೇಲೆ ರಬ್ಬರು, ಅದರ ಮೇಲೆ ಕಡಪಾ ಕಲ್ಲು, ಕಲ್ಲಿನ ಮೇಲೆ ಸ್ಪೀಕರು. ನಡುಕ ಕೆಳಗಿಳಿಯದಿರಲಿ ಎಂದು. ಸಂಜೆ ಅಂಗಡಿಯಿಂದ ಬಂದ ಕೂಡಲೇ ನಾನು ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಲ್ಲುವುದು, ಅವರು ಮೇಲೆ ಸ್ಪೀಕರ್ ಸರಿಸುವುದು.

"ಈಗ ಎಂಗದೆ?"

"ಜೀರಿಗೆ ಸುಮ್ಮನಾಯ್ತು. ಸಾಸಿವೆ ಇನ್ನೂ ಕುಣೀತಿದೆ."

"ಒಂದು ಗೇಣು ಮೂಲೆಯಿಂದ ಈಚೆ ತಂದೆ. ಈಗ?"

"ಸಾಸಿವೆ ಮಲಗ್ತು."

"ಮತ್ತೆ ನೀವು?"

"ನಾನ್ಯಾಕೆ ಮಲಗ್ಲಿ, ಏಳು ಗಂಟೆಗೆ?"

"ಅಲ್ಲ, ನೀವು ಎಂಗಿದ್ದೀರಿ ಅಂತ ಕೇಳ್ದೆ."

ಕೆನ್ನೆ ಬಿಸಿಯಾಯಿತು. ಫೋನಿನಲ್ಲಿ ಕಾಣುವುದಿಲ್ಲವಲ್ಲ, ಬಚಾವಾದೆ.

ಮಂಜುಳಮ್ಮನವರಿಗೆ ಫೋನ್ ಮಾಡಿ, ಎಲ್ಲ ಸರಿಹೋಗಿದೆ, ಅವರು ಇರಲಿ ಎಂದೆ. "ಮೊನ್ನೆ ಭೂಕಂಪ ಅಂದೆ, ಇವತ್ತು ಸರಿಹೋಯ್ತಾ? ನನ್ನ ಏನು ಅಂದ್ಕೊಂಡಿದ್ದೀಯ ಭವ್ಯಾ? ಕೊನೇ ಭಾನುವಾರ ಹತ್ತು ಗಂಟೆಗೆ ನಾನೇ ಬಂದು ನಿಮ್ಮ ಅಡುಗೆಮನೇಲಿ ಕೂರ್ತೀನಿ. ಒಂದು ಲೋಟ ಅಲುಗಿದ್ರೂ ಅವನು ಖಾಲಿ ಮಾಡ್ಬೇಕು," ಎಂದರು. ಆಗಲಿ ಎಂದೆ. ನನಗೆ ಧೈರ್ಯವಿತ್ತು.

ಧೈರ್ಯ ಕೆಟ್ಟದ್ದು ಬುಧವಾರ. ರವಿಚಂದ್ರ ಪಾಪ, ಅರ್ಧ ಕೆಜಿ ಮೈಸೂರು ಪಾಕ್ ಹಿಡಿದು ಚಾಮಯ್ಯನವರ ಮನೆಗೆ ಕ್ಷಮೆ ಕೇಳಲು ಹೋಗಿದ್ದಾರೆ. ಹಿಂದಿರುಗಿದವರು ಸೀದಾ ನನ್ನ ಬಾಗಿಲಿಗೆ ಬಂದರು.

"ಚಾಮಯ್ಯನವರಿಗೆ ಎರಡೂ ಕಿವಿ ಕೇಳಲ್ವಂತೆ. ನಾನು ಕೂಗಿ ಕೂಗಿ ಹೇಳಿದ್ರೂ, ಯಾರ ಮದುವೆ ಸಿಹಿ ಇದು ಅಂತಾವ್ರೆ. ಸಕ್ಕರೆ ಕಾಯಿಲೆ ಅಂತ ಡಬ್ಬನೂ ವಾಪಸ್ ಕೊಟ್ರು." ನಗುತ್ತಿದ್ದವರು ನನ್ನ ಮುಖ ನೋಡಿ ನಿಲ್ಲಿಸಿದರು. "ಅಂಗಾದ್ರೆ ಕಂಪ್ಲೇಂಟ್ ಕೊಟ್ಟಿದ್ದು..."

"ನಾನೇ," ಎಂದೆ. "ನಿಮ್ಮನ್ನ ನೋಡೋದಕ್ಕೆ ಹಿಂದಿನ ದಿನ."

"ನೋಡಿದ ಮೇಲಾದ್ರೂ ಹೇಳ್ಬೋದಿತ್ತಲ್ಲ. ಪಾಪದ ಮನುಷ್ಯನ ಮೇಲೆ ಹತ್ತು ದಿನ ಅನುಮಾನ ಪಟ್ಟೆ. ನೀವು ಪಕ್ಕದಲ್ಲಿ ನಿಂತು ಕೇಳ್ತಾ ಇದ್ರಿ."

"ಹೇಳಿದ್ರೆ ಮಾತು ಬಿಡ್ತೀರ ಅಂತ ಭಯ ಆಯ್ತು."

"ಈಗ ಬಿಡಲ್ವಾ?" ಎಂದು ಮೈಸೂರು ಪಾಕಿನ ಡಬ್ಬ ಕಟ್ಟೆಯ ಮೇಲಿಟ್ಟು ಮೇಲೆ ಹೋದರು.

ಗುರುವಾರ ಅವರ ಫೋನಿಲ್ಲ, ಮೆಟ್ಟಿಲಲ್ಲಿ ನಿಂತು ಕೇಳಿದರೆ ಹಾಡೂ ಇಲ್ಲ. ಶುಕ್ರವಾರವೂ ಇಲ್ಲ. ನಿಶ್ಶಬ್ದ ಬೇಕೆಂದು ಕೂಗಾಡಿದ್ದವಳು ನಾನೇ, ಈಗ ಸಿಕ್ಕಿತ್ತಲ್ಲ, ಅನುಭವಿಸಿದೆ. ಅಂಗಡಿಯಲ್ಲಿ ಒಬ್ಬ ಅಜ್ಜಿಗೆ ಎಡಗಣ್ಣಿನ ನಂಬರನ್ನು ಬಲಗಣ್ಣಿಗೆ ಬರೆದೆ. ಶನಿವಾರ ಮೆಟ್ಟಿಲ ಬಳಿ ಖಾಲಿ ರಟ್ಟಿನ ಪೆಟ್ಟಿಗೆಗಳು ಕಂಡವು. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು ಮೇಲೆ ಹೋಗಿ, ಮುಚ್ಚಿದ ಬಾಗಿಲಿಗೇ ಹೇಳಿದೆ.

"ನಾಳೆ ಹತ್ತು ಗಂಟೆಗೆ ಮೇಡಂ ಬರ್ತಾರೆ. ಹಾಡು ಹಾಕಿ. ನನ್ ಮೇಲಿನ ಸಿಟ್ಟಿಗೆ ಮನೆ ಬಿಡ್ಬೇಡಿ. ತಪ್ಪು ನಂದು."

ಬಾಗಿಲು ತೆರೆಯಲಿಲ್ಲ, ಕೆಳಗಿಳಿದು ಬಂದೆ.

ಭಾನುವಾರ ಹತ್ತಕ್ಕೆ ಐದು ನಿಮಿಷವಿರುವಾಗಲೇ ಮಂಜುಳಮ್ಮ ಬಂದು, ಪರೀಕ್ಷಾ ಕೊಠಡಿಯಲ್ಲಿ ಕೂತ ಹಾಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಹತ್ತು ಹೊಡೆಯಿತು. ಸ್ಟ್ಯಾಂಡಿನಲ್ಲಿ ಸದ್ದಿಲ್ಲ, ಡಬ್ಬಿಗಳಲ್ಲಿ ಸದ್ದಿಲ್ಲ. ಹಾಡು ಹಾಕೇ ಇಲ್ಲವೇನೋ ಎಂದುಕೊಂಡೆ. ಬಟ್ಟಲಲ್ಲಿಟ್ಟ ಕಾಫಿ ಲೋಟವನ್ನು ಅವರಿಗೆಂದು ಎತ್ತಿಕೊಂಡವಳು ಕೊಡಲು ಮರೆತು ನಿಂತೆ.

ಮಂಜುಳಮ್ಮ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. "ಏನಪ್ಪಾ ರವಿಚಂದ್ರ, ಹಾಡು ಹಾಕಿದ್ಯೋ ಇಲ್ವೋ?"

"ಹಾಕಿ ಐದು ನಿಮಿಷ ಆಯ್ತು ಮೇಡಂ."

ಅವರ ಮಾತಿನ ಹಿಂದೆ ಹಾಡು ಕೇಳಿಸಿತು. ಹಾಕಿದ್ದರು! ಅದೇ ಗಳಿಗೆಯಲ್ಲಿ ಕಟಕಟ, ಕಟಕಟ ಎಂದು ಸದ್ದು ಶುರುವಾಯಿತು.

ಮಂಜುಳಮ್ಮನವರ ಹುಬ್ಬು ಗಂಟಿಕ್ಕಿತು. ಎದ್ದು ಸಾಸಿವೆ ಡಬ್ಬಿ ಮುಟ್ಟಿದರು, ಸದ್ದು ಅಲ್ಲಿಂದಲ್ಲ. ತಟ್ಟೆಗಳ ಮೇಲೆ ಕೈಯಿಟ್ಟರು, ಅಲ್ಲಿಂದಲೂ ಅಲ್ಲ. ಸದ್ದು ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತರು. ನನ್ನ ಕೈಯಲ್ಲಿ ಲೋಟ ಬಟ್ಟಲಿಗೆ ಬಡಿದುಕೊಳ್ಳುತ್ತಿತ್ತು. ಅದನ್ನು ತೆಗೆದು ಕಟ್ಟೆಯ ಮೇಲಿಟ್ಟರು. ಸದ್ದು ನಿಂತಿತು. ನನ್ನ ಕೈ ನಿಲ್ಲಲಿಲ್ಲ.

ಮೂವತ್ತೈದು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದವರು ಅವರು. ನನ್ನ ಮುಖವನ್ನು ಒಂದು ಸಲ ನೋಡಿದರು, ಸಾಕಾಯಿತು.

"ರವಿಚಂದ್ರ," ಎಂದರು ಫೋನಿಗೆ. "ನಿನ್ನ ಸ್ಪೀಕರ್ ಪಾಸು. ಮನೇಲಿರು. ಆದ್ರೆ ಇಲ್ಲಿ ಒಂದು ಹುಡುಗಿ ಗಡಗಡ ನಡುಗ್ತಾ ನಿಂತಿದೆ ಕಣಪ್ಪ. ಅದಕ್ಕೆ ಕಾರಣ ಸ್ಪೀಕರ್ ಅಲ್ಲ. ಬಂದು ನೀನೇ ವಿಚಾರಿಸ್ಕೋ."

"ಮೇಡಂ!" ಎಂದೆ ನಾನು. ಅವರಾಗಲೇ ಚಪ್ಪಲಿ ಮೆಟ್ಟುತ್ತಿದ್ದರು. "ಆ ಕಾಫಿ ಅವನಿಗೇ ಕೊಡು," ಎಂದು ಹೊರಟುಬಿಟ್ಟರು.

ಮೆಟ್ಟಿಲ ಮೇಲೆ ದಡದಡ ಸದ್ದು. ರವಿಚಂದ್ರ ಬರಿಗಾಲಲ್ಲಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು, ಏದುಸಿರು ಬಿಡುತ್ತಾ.

"ಸಿಟ್ಟು ಇಳಿದಿದ್ಯಾ?" ಎಂದು ಕೇಳಿದೆ.

"ನಿನ್ನೆ ನೀವು ಬಾಗಿಲಲ್ಲಿ ಮಾತಾಡಿದಾಗಲೇ ಇಳೀತು. ತೆಗೆಯಕ್ಕೆ ನಾಚಿಕೆ ಆಯ್ತು." ಒಂದು ಹೆಜ್ಜೆ ಒಳಗೆ ಬಂದರು. "ಇನ್ಮೇಲೆ ನನ್ನ ವಿಷಯ ಏನಿದ್ರೂ ಊರವ್ರಿಗೆ ಹೇಳ್ಬೇಡಿ. ನನ್ ಮುಖಕ್ಕೇ ಹೇಳ್ಬುಡಿ."

"ಈಗ್ಲೇ ಹೇಳ್ಲಾ?"

"ಹೇಳಿ."

"ನೀವಂದ್ರೆ ನಂಗೆ ತುಂಬಾ ಇಷ್ಟ. ನೀವು ಹೋಗ್ತೀರ ಅಂತ ಮೂರು ದಿನದಿಂದ ನಾನು ಸರಿಯಾಗಿ ಊಟ ಮಾಡಿಲ್ಲ. ಇದು ಕಂಪ್ಲೇಂಟು."

ಅವರು ಎರಡು ಕೈಗಳಿಂದ ನನ್ನ ನಡುಗುವ ಕೈ ಹಿಡಿದುಕೊಂಡರು. ಹಿಡಿದ ಕೈಗಳೂ ನಡುಗುತ್ತಿದ್ದವು. ಕಣ್ಣು ಎತ್ತಿದೆ. ಈ ಸಲ ಇಬ್ಬರಲ್ಲಿ ಯಾರೂ ಬೇರೆ ಕಡೆ ನೋಡಲಿಲ್ಲ.

"ಮೇಡಂ ಇನ್ನೂ ಗೇಟಿನ ಹತ್ರಾನೇ ಇದ್ದಾರೆ ರೀ," ಎಂದೆ ಮೆಲ್ಲಗೆ. "ಹಿಂಗೆ ನೋಡಿದ್ರೆ ಇಬ್ರನ್ನೂ ಖಾಲಿ ಮಾಡಿಸ್ತಾರೆ."

"ಮಾಡಿಸ್ಲಿ ಬುಡಿ," ಎಂದರು ರವಿಚಂದ್ರ. "ಇಬ್ರಿಗೂ ಸೇರಿ ಒಂದೇ ಮನೆ ಹುಡುಕೋಣ."